ಒಲೆಯ ಮಗ್ಗುಲ ಕಪಾಟು

ಸುಗ್ಗಿ ಮುಗಿದು ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಓಣಿ ಓಣಿಗಳಲ್ಲಿ ಗೌಂಡಿಗಳ ಕರಣೆಯ ಸಪ್ಪಳ ಕೇಳತೊಡಗುತ್ತದೆ. ಮುಂಗಾರು ಮುಟ್ಟುವುದರೊಳಗೆ ಮನೆಯ ರಿಪೇರಿ ಮುಗಿಯಬೇಕೆಂಬ ಅವಸರ ಎಲ್ಲರದು. ಈ ರಿಪೇರಿಯ ಯಾದಿಯಲ್ಲಿ ಮೊದಲ ಸ್ಥಾನ ಸಾಮಾನ್ಯವಾಗಿ ಅಡಿಗೆಮನೆಯದು. ಹಳೆಯ ಒಲೆಯ ಕಟ್ಟೆಯನ್ನು ಕಿತ್ತು, ಆ ಗೋಡೆಯ ಉದ್ದಕ್ಕೂ ಮೇಲೆ ಕೆಳಗೆ ಕಪಾಟುಗಳನ್ನು ಕೂಡ್ರಿಸಬೇಕೆಂದು ಮನೆಯವರ ಆಸೆ. ಅದು ತಪ್ಪೇನೂ ಅಲ್ಲ. ಆದರೆ ವಾಚಕರೇ, ನೀವೂ ಅಂಥದೊಂದು ಕೆಲಸಕ್ಕೆ ಕೈಹಾಕುವವರಿದ್ದರೆ, ಗೌಂಡಿಯ ಕೈಗೆ ಹಾರೆ ಕೊಡುವ ಮೊದಲು ಆ ಗೋಡೆಯ ಎದುರಿಗೆ ಒಂದು ಗಳಿಗೆ ನಿಲ್ಲಿರೆಂದು ನನ್ನ ಬಿನ್ನಹ. ಅರಸರ ಇತಿಹಾಸವನ್ನು ಶಾಸನಗಳು ಹೇಳುತ್ತವೆ. ಒಂದು ಮನೆತನ ಏನು ಉಂಡಿತು, ಏನನ್ನು ಉಳಿಸಿತು, ಯಾವುದನ್ನು ಬಚ್ಚಿಟ್ಟಿತು, ಬರಗಾಲದಲ್ಲಿ ಹೇಗೆ ಬದುಕಿತು ಎಂಬ ಇತಿಹಾಸವನ್ನು ಹೇಳಬಲ್ಲುದು ಒಲೆಯ ಸುತ್ತಲಿನ ಈ ಗೋಡೆ ಒಂದೇ.

ಒಲೆಗೆ ಗೋಡೆಯ ಆಸರೆ ಮೊದಲಿನಿಂದಲೂ ಇದ್ದುದಲ್ಲ. ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳೂರು ಈಗ ಹಾವೇರಿ ಜಿಲ್ಲೆಗೆ ಸೇರಿದೆ. 1997ರಲ್ಲಿ ಜಿಲ್ಲೆಯ ವಿಭಜನೆಯಾಗುವವರೆಗೆ ಅದು ನಮ್ಮ ಧಾರವಾಡ ಜಿಲ್ಲೆಯದೇ ಊರು. ಅಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದರು. ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗೆ ಜನ ಬಾಳಿದ ನೆಲೆ ಅದು. ಅಲ್ಲಿನ ಮನೆಗಳು ದುಂಡಗಿನವು. ಕಲ್ಲುಚೂರುಗಳನ್ನು ಬಡಿದು ಗಟ್ಟಿಮಾಡಿದ ನೆಲ, ಬಿದಿರಿನ ತಡಿಕೆಯ ಗೋಡೆ. ಅಂಥ ಒಂದು ಮನೆಯೊಳಗೆ ದುಂಡನೆಯ ಸಣ್ಣ ಒಲೆಯ ಗುರುತೂ ಅದರಲ್ಲಿ ಬೂದಿ-ಇದ್ದಲಿಗಳೂ ಸಿಕ್ಕಿದವು. ತಡಿಕೆಯ ಗೋಡೆಯ ಹತ್ತಿರ ಬೆಂಕಿಯನ್ನು ಒಯ್ಯುವಂತಿಲ್ಲ, ಅದರಲ್ಲಿ ಗೂಡನ್ನು ಕೊರೆಯುವಂತೆಯೂ ಇಲ್ಲ. ಆದುದರಿಂದ ಅಂದಿನ ಮನೆಯಲ್ಲಿ ಬೆಂಕಿ ಬೇರೆ, ಗೋಡೆ ಬೇರೆ. ದಾಸ್ತಾನೆಲ್ಲ ನೆಲದ ಮೇಲಿನ ಗಡಿಗೆಗಳಲ್ಲಿ. ಬೆಂಕಿ ಗೋಡೆಯ ಮಗ್ಗುಲಿಗೆ ಬಂದುದು ಗೋಡೆ ಮಣ್ಣಿನದೋ ಕಲ್ಲಿನದೋ ಆಗಿ ದಪ್ಪವಾದ ಮೇಲೆ.

ಗ್ರಂಥಗಳ ಕಾಲಕ್ಕೆ ಬರುವ ಹೊತ್ತಿಗೆ ಅಡಿಗೆಮನೆ ತನ್ನದೇ ಆದ ಸ್ಥಾನವನ್ನು ಪಡೆದಿತ್ತು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವಾಸ್ತುವಿಗೂ ಸೂಪಶಾಸ್ತ್ರಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಮನೆ ಕಟ್ಟುವ ವಿದ್ಯೆ, ಅಡಿಗೆಯ ವಿದ್ಯೆ ಎರಡೂ ಲೋಕಕ್ಕೆ ಉಪಕಾರವಾಗತಕ್ಕವೆಂದು ಆ ಕವಿ ಬಗೆದುದು ಗಮನಿಸತಕ್ಕ ಸಂಗತಿ. ನೂರು ವರ್ಷಗಳ ತರುವಾಯ, 1130ರ ಸುಮಾರಿಗೆ, ಕಲ್ಯಾಣದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ಅರಮನೆಯ ಊಟದ ವಿಸ್ತಾರವನ್ನು ಬಣ್ಣಿಸಿದ. 1709ರ ಸುಮಾರಿಗೆ ಕೆಳದಿಯ ಬಸವಪ್ಪನಾಯಕನು ರಚಿಸಿದ 'ಶಿವತತ್ತ್ವರತ್ನಾಕರ'ದಲ್ಲಿ ಪಾಕಶಾಲೆಯ ವರ್ಣನೆಯೂ ಇದೆ. ವಾಸ್ತುಶಾಸ್ತ್ರಜ್ಞರು ಒಲೆಗೆ ಆಗ್ನೇಯ ದಿಕ್ಕನ್ನು ಕೊಟ್ಟರೆಂಬುದು ನಿಮಗೆಲ್ಲ ತಿಳಿದದ್ದೇ. ಅಗ್ನಿಯ ದಿಕ್ಕು ಎಂಬ ನಂಬಿಕೆಯ ಮಾತನ್ನು ಬದಿಗಿಟ್ಟು ನೋಡಿದರೂ ನಮ್ಮ ಪ್ರಾಂತಕ್ಕೆ ಅದು ಹೊಂದುತ್ತದೆ. ಇಲ್ಲಿ ಮಳೆಗಾಲದ ಗಾಳಿ ಬೀಸುವುದು ಪಡುವಣದಿಂದ. ಒಲೆ ಮನೆಯ ಮೂಡಣ ಅಂಚಿಗಿದ್ದರೆ ಹೊಗೆಯೂ ಕಿಡಿಯೂ ಮನೆಯ ಮೇಲೆ ಹಾಯದೆ ಹೊರಗೆ ಸಾಗುತ್ತವೆ.

ಇನ್ನು ನಮ್ಮ ಎರಡೂ ಊರುಗಳ ಮನೆಗಳನ್ನು ನೋಡೋಣ. ಧಾರವಾಡವು ಮಲೆನಾಡಿನ ಸೆರಗು, ಹುಬ್ಬಳ್ಳಿಯಾಚೆಗೆ ಬಯಲುಸೀಮೆಯ ಎರೆಭೂಮಿ. ಪಡುವಣದಲ್ಲಿ ಮಳೆ ಹೆಚ್ಚು. ಅಲ್ಲಿ ಹುಲ್ಲಿನ ಇಲ್ಲವೆ ಹಂಚಿನ ಇಳಿಜಾರು ಮಾಡು. ಮೂಡಣಕ್ಕೆ ಹೋದಂತೆ ಮಳೆ ಕಡಿಮೆ. ಅಲ್ಲಿ ತೊಲೆ-ಜಂತಿಗಳ ಮೇಲೆ ಮಣ್ಣು ಹಾಸಿದ ಮೇಲ್ಮುದ್ದೆಯ ಮನೆ. ಆ ಮಣ್ಣಿನ ಭಾರವನ್ನು ಹೊರಲು ಗೋಡೆ ಎರಡರಿಂದ ಮೂರು ಅಡಿ ದಪ್ಪವಿರಬೇಕಾಗುತ್ತಿತ್ತು. ಅದರ ಮೇಲೆ ಎರೆಮಣ್ಣಿನ ಗುಣ ಬೇರೆ: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಬಲ್ಲ ಗೌಂಡಿಗಳು ಗರಸು ಹತ್ತುವವರೆಗೆ ಬುನಾದಿ ತೋಡಿ, ಅಗಲವಾದ ಗೋಡೆಯನ್ನು ಎಬ್ಬಿಸುತ್ತಿದ್ದರು. ಹೀಗೆ ಭಾರಕ್ಕಾಗಿ ಬೆಳೆದ ದಪ್ಪವೇ ಮನೆಯ ಹೆಂಗಳೆಯರಿಗೆ ಭಾಗ್ಯವಾಯಿತು. ಗೋಡೆಯ ಹೊಟ್ಟೆಯಲ್ಲಿ ಒಂದು ಮೊಳ ಆಳದ ಮಾಡವನ್ನು ಬಿಟ್ಟರೂ ಅದರ ಬೆನ್ನಿಗೆ ಇನ್ನೂ ಗೋಡೆ ಉಳಿಯುತ್ತಿತ್ತು. ನೆಲದ ಮೇಲಿನ ಒಂದಂಗುಲ ಜಾಗವನ್ನೂ ಕಬಳಿಸದ ಕಪಾಟು ಅದು.

ಮಾಡವನ್ನು ಕೆಲವು ಕಡೆ ಗೂಡು ಎನ್ನುತ್ತಾರೆ. ಬಾಗಿಲ ಮಗ್ಗುಲಿಗೆ ದೀಪದ ಮಾಡ, ಪಡಸಾಲೆಯಲ್ಲಿ ಲೆಕ್ಕದ ವಹಿಗಳ ಮಾಡ, ದೇವರ ಮನೆಯಲ್ಲಿ ದೇವರ ಮಾಡ, ಅಡಿಗೆಮನೆಯಲ್ಲಿ ಒಲೆಯ ಮಾಡ. ಈ ಒಲೆಯ ಮಾಡಗಳ ಏರ್ಪಾಡಿನಲ್ಲಿ ಒಂದು ಲೆಕ್ಕಾಚಾರವಿದೆ. ಒಲೆಯ ಎಡಬಲಗಳಲ್ಲಿ, ಕುಳಿತು ಅಡಿಗೆ ಮಾಡುವವಳು ಏಳದೆ ಕೈಚಾಚಿದರೆ ಸಿಗುವ ಎತ್ತರದಲ್ಲಿ, ಒಂದೊಂದು ಮಾಡ ಇರುತ್ತಿತ್ತು. ಅದರಲ್ಲಿ ಉಪ್ಪಿನ ಗಡಿಗೆ, ಖಾರದ ಪುಡಿ, ಕಡ್ಡಿಪೆಟ್ಟಿಗೆ. ಶ್ರಾವಣದ ಜಡಿಮಳೆಯಲ್ಲಿ ಉಪ್ಪು ನೀರೊಡೆಯುತ್ತದೆ, ಕಡ್ಡಿಯ ಮದ್ದು ಮೆತ್ತಗಾಗುತ್ತದೆ. ಒಲೆಯ ಬಿಸಿ ತಾಗಿದ ಗೋಡೆ ಇಡೀ ದಿನ ಬೆಚ್ಚಗಿರುವುದರಿಂದ ಆ ಎರಡು ಮಾಡಗಳೊಳಗೆ ಮಾತ್ರ ತಂಪು ಹೊಗುತ್ತಿರಲಿಲ್ಲ. ತುಪ್ಪ, ಹಾಲು, ಮೊಸರುಗಳಿಗೆ ಎದುರಿನ ತಣ್ಣನೆಯ ಗೋಡೆ. ಇಲ್ಲವೆ ಬೆಕ್ಕಿಗೂ ಇರುವೆಗೂ ಎಟುಕದಂತೆ ಜಂತಿಗೆ ಕಟ್ಟಿದ ನೆಲುವು. ಒಲೆಯ ನೇರಕ್ಕೆ ಮೇಲೆ ಅಟ್ಟ. ಅಲ್ಲಿ ಬಿತ್ತುವ ಜೋಳದ ತೆನೆ, ಹಸಿ ಕಟ್ಟಿಗೆ. ಹೊಗೆ ತಾಗಿದ ಬೀಜಕ್ಕೆ ನುಸಿ ಬೀಳುವುದು ಕಡಿಮೆ. ಹಸಿ ಕಟ್ಟಿಗೆಯೂ ಬಿಸಿಗೆ ಒಣಗುತ್ತದೆ. ಹೀಗೆ ಒಂದೇ ಬೆಂಕಿ ಅನ್ನವನ್ನೂ ಬೇಯಿಸಿ, ಉಪ್ಪನ್ನೂ ಕಾಯ್ದು, ಬೀಜವನ್ನೂ ಉಳಿಸುತ್ತಿತ್ತು. ಮುಖ್ಯ ಒಲೆಯ ಉರಿಯನ್ನೇ ಪಕ್ಕಕ್ಕೆ ಹಾಯಿಸಿ ಹಾಲು, ಸಾರುಗಳನ್ನು ಬಿಸಿಯಾಗಿಡುವ ಕೋಡೊಲೆಯೂ ಇದೇ ಜಾಣತನದ ಫಲ.

ಮಾಡವನ್ನು ಮಾಡುವ ಬಗೆಯನ್ನೂ ಹೇಳಿಬಿಡುತ್ತೇನೆ. ಏಕೆಂದರೆ ಈಗ ಮನೆ ರಿಪೇರಿ ಮಾಡಿಸುವವರಿಗೆ ಬೇಕಾದ ತಿಳಿವಳಿಕೆ ಇದು. ಗೋಡೆಯನ್ನು ಪೂರ್ತಿ ಎಬ್ಬಿಸಿ ಆಮೇಲೆ ಕೊರೆದ ಗೂಡಲ್ಲ ಇದು. ಗೋಡೆ ಸೊಂಟದೆತ್ತರಕ್ಕೆ ಬಂದಾಗ ಅಲ್ಲಿ ಒಂದು ಕಲ್ಲನ್ನೋ ಹಲಗೆಯನ್ನೋ ಹಾಸುತ್ತಿದ್ದರು. ಎರಡು ಮಗ್ಗುಲಿಗೆ ಗೋಡೆಯನ್ನು ಏರಿಸುತ್ತ ಹೋಗಿ, ನಡುವೆ ಬಯಲನ್ನು ಬಿಟ್ಟು, ಮೇಲೆ ಒಂದು ಉದ್ದನೆಯ ಕಲ್ಲನ್ನೋ ಗಟ್ಟಿ ಮರದ ಹಲಗೆಗಳನ್ನೋ ಎರಡೂ ಕಡೆಗೆ ಸಾಕಷ್ಟು ಊರುವಂತೆ ಇಡುತ್ತಿದ್ದರು. ಮೇಲಿನ ಗೋಡೆಯ ಭಾರವೆಲ್ಲ ಆ ಹಲಗೆಯ ಮೂಲಕ ಎಡಬಲಗಳಿಗೆ ಇಳಿದುಹೋಗುತ್ತಿತ್ತು. ಕದ ಬೇಕೆನ್ನುವವರು ಗೋಡೆ ಏರುವಾಗಲೇ ಬಡಿಗೇರರಿಂದ ಚೌಕಟ್ಟನ್ನು ಮಾಡಿಸಿ ತಂದು ಕೂಡ್ರಿಸುತ್ತಿದ್ದರು. ಹೀಗೆ ಗೌಂಡಿ ಮತ್ತು ಬಡಿಗೇರ ಇಬ್ಬರೂ ಒಂದೇ ದಿನ ಒಂದೇ ಗೋಡೆಯ ಮುಂದೆ ನಿಂತು ಮಾಡುವ ಕೆಲಸ ಅದು. ಮನೆಯ ಯಜಮಾನಿಯು ಯಾವ ಮಾಡ ಎಲ್ಲಿ, ಎಷ್ಟು ಎತ್ತರ ಎಂಬುದನ್ನು ಗೋಡೆ ಏಳುವ ಮೊದಲೇ ಹೇಳಿರಬೇಕು, ತಡವಾದರೆ ಮುಗಿಯಿತು.

ಈಗ ಒಂದು ಶಬ್ದದ ವಿಚಾರ. ಕನ್ನಡ ಪಂಡಿತನಿಗೆ ಶಬ್ದವನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ, ವಾಚಕರು ಕ್ಷಮಿಸಬೇಕು. ನಾವು ದಿನವೂ ಆಡುವ 'ಕಪಾಟು' ಎಂಬ ಮಾತು ಎಲ್ಲಿಯದು? ಸಂಸ್ಕೃತದ 'ಕಪಾಟ', 'ಕವಾಟ'ಗಳಿಗೆ ಕದ, ಬಾಗಿಲ ಹಲಗೆ ಎಂದು ಅರ್ಥ. ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಇದು ಹೊಸದಲ್ಲ. ಮರಾಠಿಯಲ್ಲಿ ಅದೇ 'ಕಪಾಟ' ಶಬ್ದ ಸಾಮಾನುಗಳನ್ನು ಇಡುವ ಪೆಟ್ಟಿಗೆಗೂ ಹೆಸರಾಯಿತು. ಪೇಶವೆಯರ ಆಡಳಿತವನ್ನೂ ಮುಂದೆ ಮುಂಬಯಿ ಇಲಾಖೆಯ ಆಡಳಿತವನ್ನೂ ಕಂಡ ನಮ್ಮ ಭಾಗದಲ್ಲಿ ಆ ಅರ್ಥವೇ ಬಳಕೆಗೆ ಬಂದಿದೆ. ಅದೇ ವಸ್ತುವಿಗೆ ಮೈಸೂರಿನ ಕಡೆಯವರು 'ಬೀರು' ಎನ್ನುತ್ತಾರೆ. ಅದು ಐರೋಪ್ಯರ 'ಬ್ಯೂರೋ'. ಇನ್ನೂ ಕೆಲವರು 'ಅಲಮಾರು' ಎನ್ನುತ್ತಾರೆ. ಅದು ಪೋರ್ತುಗೀಜರ 'ಅರ್ಮಾರಿಯೊ'. ಆ ಪೋರ್ತುಗೀಜ ಮಾತಿನ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಆಯುಧ-ಸಲಕರಣೆಗಳನ್ನು ಇಡುವ ಸ್ಥಳ ಎಂಬ ಅರ್ಥ. ಆಯುಧಕ್ಕಿದ್ದ ಮನೆಯಲ್ಲಿ ಈಗ ಉಪ್ಪಿನಕಾಯಿಯ ಭರಣಿಗಳು ಕೂತಿವೆ!

ಕದದ ಹೆಸರು ಇಡಿಯ ವಸ್ತುವಿಗೆ ಹೆಸರಾದುದರಲ್ಲಿ ಒಂದು ಇತಿಹಾಸ ಅಡಗಿದೆ. ಗೋಡೆಯ ಮಾಡ ಮೊದಲಿನಿಂದಲೂ ಇತ್ತು. ಅದಕ್ಕೆ ಹೊಸದಾಗಿ ಬಂದುದು ಕದ. ಹೊಸದಾಗಿ ಬಂದುದರ ಹೆಸರೇ ಬಾಯಲ್ಲಿ ನಿಂತಿತು. ಕದ ಬಂದ ಬಳಿಕ ಚಿಲಕ ಬಂತು, ಚಿಲಕದ ಹಿಂದೆ ಕೀಲಿ, ಕೀಲಿಯ ಹಿಂದೆ ಕೀಲಿಕೈ. ತೆರೆದ ಮಾಡದಲ್ಲಿರುವ ಬೆಲ್ಲದ ಅಚ್ಚು ಮನೆಯ ಎಲ್ಲರದು. ಕದವಿಟ್ಟ ಮಾಡದಲ್ಲಿರುವ ಬೆಲ್ಲ ಕೀಲಿಕೈ ಇದ್ದವರದು. ಕೂಡು ಕುಟುಂಬದಲ್ಲಿ ಆ ಕೀಲಿಕೈ ಗೊಂಚಲು ಅತ್ತೆಯ ಸೊಂಟದಲ್ಲಿ. ಸೊಸೆ ಒಲೆಯ ಮುಂದೆ ಹತ್ತಾರು ವರ್ಷ ಬೆಂದರೂ ಮಗ್ಗುಲ ಕಪಾಟನ್ನು ತನ್ನ ಇಷ್ಟದಂತೆ ತೆರೆಯುವ ಅಧಿಕಾರ ಅವಳಿಗೆ ಬರುತ್ತಿದ್ದುದು ಬಹಳ ತಡವಾಗಿ. ದಿನದ ಎಣ್ಣೆ, ದಿನದ ಬೇಳೆ ಅಳೆದು ಕೊಟ್ಟಷ್ಟು. ಈ ಮಾತನ್ನು ಓದುತ್ತಿರುವ ಹಿರಿಯ ಸೋದರಿಯರಲ್ಲಿ ಕೆಲವರಾದರೂ ಆ ಗೊಂಚಲಿನ ಸಪ್ಪಳವನ್ನು ಮರೆತಿರಲಾರರು. ಕೀಲಿಕೈ ಹಿಡಿದವರನ್ನು ಬರಿಯ ಬಿಗಿಗೈಯವರೆಂದು ಹಳಿಯುವುದೂ ನ್ಯಾಯವಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮದಲ್ಲಿ ನಮ್ಮ ಜಿಲ್ಲೆಯೂ ಬೆಂದಿತ್ತು. ಅಂಥ ಕಾಲವನ್ನು ಕಂಡವರಿಗೆ, ಅವರ ಮಾತನ್ನು ಕೇಳಿ ಬೆಳೆದವರಿಗೆ, ಒಂದು ಸೇರು ಜೋಳವೆಂದರೆ ಒಂದು ಜೀವದ ಲೆಕ್ಕ. ಅಂಗಳದ ಹಗೇವಿನಲ್ಲಿ ಜೋಳವನ್ನು ಮುಚ್ಚಿ ಮಣ್ಣು ಮೆತ್ತುವ ಕೈಯೂ ಕಪಾಟಿಗೆ ಕೀಲಿ ಹಾಕುವ ಕೈಯೂ ಒಂದೇ ಹೆದರಿಕೆಯಿಂದ ಕಲಿತವು.

ಇಷ್ಟೆಲ್ಲ ಹೇಳಿದ ಮೇಲೆ, ದಪ್ಪ ಗೋಡೆಯೇ ಇಲ್ಲದವರ ಮಾತನ್ನು ಬಿಟ್ಟರೆ ಇತಿಹಾಸ ಅರ್ಧವಾದೀತು. ವಾಡೆ, ಮಾಳಿಗೆಮನೆಗಳ ಹೊರಗೆ ದುಡಿಮೆಗಾರರ ಗುಡಿಸಲುಗಳಿದ್ದವು. ಅಲ್ಲಿನ ಒಲೆಯೆಂದರೆ ಮೂರು ಕಲ್ಲು. ಅಲ್ಲಿನ ಕಪಾಟೆಂದರೆ ಅಡಕಲು: ಕೆಳಗೆ ದೊಡ್ಡ ಗಡಿಗೆ, ಅದರ ಮೇಲೆ ಅದಕ್ಕಿಂತ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಎಲ್ಲಕ್ಕೂ ಮೇಲೆ ಒಂದು ಮುಚ್ಚಳ. ಮೇಲಿನ ಗಡಿಗೆಯ ತಳವೇ ಕೆಳಗಿನ ಗಡಿಗೆಗೆ ಮುಚ್ಚಳ. ಜಾಗ ಕಡಿಮೆ, ಖರ್ಚು ಕಡಿಮೆ, ಮನೆ ಬಿಟ್ಟು ಹೊರಟರೆ ಹೊತ್ತುಕೊಂಡೂ ಹೋಗಬಹುದು. ಗೋಡೆಯಲ್ಲಿ ಕಪಾಟನ್ನು ಕಟ್ಟಿಸುವವನು ಆ ಮನೆಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಇರುವೆನೆಂಬ ನಂಬಿಕೆಯುಳ್ಳವನು. ಆ ನಂಬಿಕೆ ಇಲ್ಲದವರು ಅಡಕಲನ್ನು ಕಟ್ಟಿದರು. ಕುಂಬಾರನ ಕೈಯ ಆ ಕಪಾಟಿಗೆ ಕೀಲಿಯೂ ಇರಲಿಲ್ಲ, ಕೀಲಿ ಹಾಕುವಷ್ಟು ಕಾಳೂ ಬಹುಶಃ ಇರುತ್ತಿರಲಿಲ್ಲ.

ಇತ್ತ ನಮ್ಮಲ್ಲಿ ಹೀಗಿದ್ದಾಗ, ಅತ್ತ ಶೀತದೇಶಗಳಲ್ಲಿ ಒಲೆಯ ಕಥೆ ಬೇರೆಯೇ ದಾರಿ ಹಿಡಿಯಿತು. ಯುರೋಪಿನಲ್ಲಿ 12ನೆಯ ಶತಮಾನದಿಂದೀಚೆಗೆ ನಡುಮನೆಯ ಬೆಂಕಿ ಗೋಡೆಗೆ ಸರಿದು, ಹೊಗೆಗೆ ಚಿಮಣಿ ಬಂತು. ಅಲ್ಲಿನವರ ಅಗ್ಗಿಷ್ಟಿಕೆ ಚಳಿ ಕಾಯಿಸುವುದಕ್ಕೆ. 1796ರಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಅದರ ಗಂಟಲನ್ನು ಕಿರಿದಾಗಿಸಿ, ಗೋಡೆಗಳನ್ನು ಓರೆಯಾಗಿಸಿ, ಹೊಗೆ ಕಡಿಮೆಯಾಗಿ ಕಾವು ಹೆಚ್ಚುವಂತೆ ತಿದ್ದಿದ. ಚಿಮಣಿಯ ಇಟ್ಟಂಗಿಯ ಗೂಡು ಕೋಣೆಯೊಳಗೆ ಎದೆಯಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರ ಎರಡೂ ಮಗ್ಗುಲಿಗೆ ಸಂದು ಉಳಿಯುತ್ತದೆ. ಕೆಲಸಕ್ಕೆ ಬಾರದ ಆ ಸಂದುಗಳಿಗೆ ಹಲಗೆ ಜೋಡಿಸಿ, ಕದವಿಟ್ಟು, ಪುಸ್ತಕ-ಪಾತ್ರೆಗಳನ್ನು ಇಡುವ ಪದ್ಧತಿ ಅಲ್ಲಿ ಬೆಳೆಯಿತು. ಅವರದು ಚಾಚಿದ ಗೋಡೆಯ ಮಗ್ಗುಲನ್ನು ತುಂಬುವ ಉಪಾಯ. ನಮ್ಮದು ದಪ್ಪ ಗೋಡೆಯ ಹೊಟ್ಟೆಯನ್ನು ಬರಿದುಮಾಡುವ ಉಪಾಯ. ಎರಡರಲ್ಲೂ ಬೆಂಕಿ ನಡುವೆ, ಸಾಮಾನು ಎಡಬಲಕ್ಕೆ.

'ಅಗ್ಗಿಷ್ಟಿಕೆ'ಯಲ್ಲಿರುವ 'ಅಗ್ಗಿ' ಎಂಬುದು ಅಗ್ನಿಯ ತದ್ಭವವೆಂದು ಹೈಸ್ಕೂಲಿನ ಮಕ್ಕಳೂ ಹೇಳುತ್ತಾರೆ. ಶಬ್ದ ನಮ್ಮಲ್ಲಿ ಹಳೆಯದಾದರೂ ಗೋಡೆಯಲ್ಲಿ ಕಟ್ಟಿದ ಅಗ್ಗಿಷ್ಟಿಕೆ ಇಲ್ಲಿ ಬೇರೂರಲಿಲ್ಲ. ಕೊಡಗಿನ ಕಾಫಿ ತೋಟದ ಬಂಗಲೆಗಳಲ್ಲಿ, ಬೆಂಗಳೂರಿನ ದಂಡಿನ ಭಾಗದ ಹಳೆಯ ಬಂಗಲೆಗಳಲ್ಲಿ ಇಂಗ್ಲಿಷರು ಅದನ್ನು ಕಟ್ಟಿಸಿಕೊಂಡರು. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಧಾರವಾಡದ ಚಳಿಗೆ ಒಂದು ಕಂಬಳಿ ಸಾಕು. ಇಂಗ್ಲಿಷರ ಕಾಲದಲ್ಲಿ ನಮ್ಮ ಅಡಿಗೆಮನೆಗೆ ತಟ್ಟಿದ ಬದಲಾವಣೆ ಅಗ್ಗಿಷ್ಟಿಕೆಯಿಂದ ಬಂದದ್ದಲ್ಲ; ಹಂಚು ಮತ್ತು ರೈಲಿನಿಂದ ಬಂದದ್ದು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆ ಮಾಡಿದ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದರು. ಆ ಕೆಂಪು ಹಂಚು ಘಟ್ಟ ಹತ್ತಿ ಬಂದ ಮೇಲೆ ಮೇಲ್ಮುದ್ದೆಯ ಬೆಳಕಿಂಡಿಯೊಂದರಿಂದಲೇ ಹೊರಬೀಳಬೇಕಾಗಿದ್ದ ಹೊಗೆಗೆ ಹಂಚುಗಳ ಸಂದುಗಳೆಲ್ಲ ದಾರಿಯಾದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿ, ಕಾರ್ಯಾಗಾರ ಹುಬ್ಬಳ್ಳಿಯಲ್ಲಿ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂದೆ ಆ ಕಚೇರಿಯ ಕಟ್ಟಡದಲ್ಲೇ ನೆಲೆಸಿತೆಂಬುದನ್ನು ಧಾರವಾಡದವರಿಗೆ ಹೇಳಬೇಕಾಗಿಲ್ಲ. ರೈಲಿನೊಡನೆ ಕಬ್ಬಿಣದ ತಿರುಗಣಿ, ಹಿತ್ತಾಳೆಯ ಹಿಡಿಕೆ, ಗಾಜಿನ ತಗಡುಗಳು ದೂರದಿಂದ ಬರುವುದು ಸುಲಭವಾಯಿತು. ದಾಂಡೇಲಿ-ಹಳಿಯಾಳದ ಕಾಡಿನ ಸಾಗವಾನಿ ಹತ್ತಿರದಲ್ಲೇ ಇತ್ತು. ಉಳ್ಳವರ ಮನೆಗಳಲ್ಲಿ ಮಾಡಕ್ಕೆ ಗಾಜಿನ ಕದ ಬಂತು. ಒಳಗಿನ ಚಹದ ಕಪ್ಪು-ಬಸಿಗಳು ಬಂದವರಿಗೆ ಕಾಣುವಂತಾದವು. ಬಚ್ಚಿಡುವ ಕಪಾಟು ತೋರಿಸುವ ಕಪಾಟಾಯಿತು.

ಇಲ್ಲಿಯವರೆಗೆ ಹಳೆಯ ಗೋಡೆಯನ್ನು ಹೊಗಳಿದ್ದೇ ಆಯಿತು. ಅದೇ ಗೋಡೆಯ ಮೇಲಿನ ಕರಿಯ ಬಣ್ಣ ಎಲ್ಲಿಂದ ಬಂತೆಂದು ಕೇಳಿಕೊಳ್ಳಬೇಡವೇ? ಜಂತಿಗೆ ಜೋತಾಡುವ ಇಲ್ಲಣ ಒಂದೊಂದು ದಿನದ ಅಡಿಗೆಯ ಲೆಕ್ಕ. ಬೀಜದ ನುಸಿಯನ್ನು ಕೊಂದ ಹೊಗೆ ಊದುಗೊಳವೆ ಹಿಡಿದು ಕುಳಿತವಳ ಎದೆಯನ್ನೂ ಹೊಕ್ಕಿತು. ಅವಳ ಮಡಿಲಿನ ಕೂಸಿನ ಎದೆಯನ್ನೂ ಹೊಕ್ಕಿತು. ಮನೆಯೊಳಗಿನ ಒಲೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕೆಮ್ಮುತ್ತ ಕಣ್ಣೊರೆಸಿಕೊಳ್ಳುವ ತಾಯಿಯ ಚಿತ್ರವನ್ನು ಕವಿಗಳು ಬಹಳ ಸಲ ವಾತ್ಸಲ್ಯದ ಚಿತ್ರವೆಂದು ಬರೆದರು. ವೈದ್ಯರು ಅದನ್ನು ರೋಗದ ಚಿತ್ರವೆಂದು ಓದಿದರು. ಇಬ್ಬರಲ್ಲಿ ವೈದ್ಯರ ಮಾತನ್ನೇ ನಾವು ಮೊದಲು ಕೇಳಬೇಕು.

ಈ ಹೊಗೆಗೆ ನಮ್ಮ ನಾಡಿನವರೇ ಒಂದು ಉತ್ತರವನ್ನು ಹುಡುಕಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ತಕ್ಕ ತಂತ್ರವಿದ್ಯೆಗಾಗಿ 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿದರು. ಅಲ್ಲಿಂದ 1980ರ ದಶಕದ ಮೊದಲಲ್ಲಿ ಬಂದುದೇ ಅಸ್ತ್ರ ಒಲೆ. ಸಾಲಾಗಿ ಮೂರು ಪಾತ್ರೆಗಳನ್ನು ಇಡುವ ಮಣ್ಣಿನ ಒಲೆ. ಕಟ್ಟಿಗೆಗೆ ಕೆಳಗಿನಿಂದ ಗಾಳಿ ಆಡಲು ಜಾಳಿಗೆ, ಒಲೆಯ ಬಾಯಿಗೆ ಮುಚ್ಚಳ, ತುದಿಗೆ ಹೊಗೆ ಕೊಳವೆ. ನಮ್ಮ ಕೋಡೊಲೆಯ ತತ್ತ್ವವೇ ಇಲ್ಲಿ ಲೆಕ್ಕ ಹಾಕಿ ಬೆಳೆದಿದೆ ಎನ್ನಬಹುದು: ಮೊದಲ ಪಾತ್ರೆಯನ್ನು ದಾಟಿದ ಉರಿ ಎರಡನೆಯದಕ್ಕೂ ಮೂರನೆಯದಕ್ಕೂ ದುಡಿದು, ಆಮೇಲೆ ಹೊರಗೆ ಹೋಗಬೇಕು. ಹೊಗೆ ಕೊಳವೆ ಬಂದುದರಿಂದ ಗೋಡೆಯ ಏರ್ಪಾಡೂ ಬದಲಾಯಿತು. ಕೊಳವೆಯ ಮಗ್ಗುಲಿಗೆ ಮರದ ಹಲಗೆ ಇಡುವಂತಿಲ್ಲ. ದಿನದಿನವೂ ಬಿಸಿಯುಂಡು ಒಣಗಿದ ಹಲಗೆ ಬೇಗ ಕಿಡಿ ಹಿಡಿಯುತ್ತದೆ. ಮೇಲೆ ಬೀಜದ ಅಟ್ಟಕ್ಕೆ ಹೊಗೆಯೂ ಇಲ್ಲ. ಹೀಗೆ ಒಲೆ ತಿದ್ದಿಕೊಂಡಾಗಲೆಲ್ಲ ಕಪಾಟು ತನ್ನ ಜಾಗವನ್ನು ಬಿಡಬೇಕಾಯಿತು.

ಪೇಟೆಯ ಮನೆಗಳಲ್ಲಿ ಈ ಸ್ಥಳಾಂತರ ಇನ್ನೂ ಮೊದಲೇ ಆರಂಭವಾಗಿತ್ತು. ಇದ್ದಲಿಯ ಶಗಡಿ ಬಂದಾಗ ಬೆಂಕಿಗೆ ಕಾಲು ಬಂತು. ಅದನ್ನು ಎತ್ತಿ ಹಿತ್ತಿಲಿಗೂ ಒಯ್ಯಬಹುದು. 1892ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿದ ಪ್ರೈಮಸ್ ಸ್ಟೋವು, ಅದರ ಹಿಂದೆ ಬತ್ತಿಯ ಸ್ಟೋವು ಬಂದು ಸೀಮೆಎಣ್ಣೆಯ ಡಬ್ಬಿಗೂ ಒಂದು ಜಾಗ ಬೇಡಿದವು. 1965ರಲ್ಲಿ ಇಂಡೇನ್ ಹೆಸರಿನ ಅಡಿಗೆ ಅನಿಲ ಮಾರಾಟಕ್ಕೆ ಬಂತು. ಮುಂದಿನ ದಶಕಗಳಲ್ಲಿ ಅದು ನಮ್ಮ ಊರುಗಳ ಮನೆಮನೆಯನ್ನೂ ಮುಟ್ಟಿತು. 2016ರ ಉಜ್ವಲಾ ಯೋಜನೆಯ ತರುವಾಯ ಬಡವರ ಮನೆಗೂ ಸಿಲಿಂಡರು ಹೊಕ್ಕಿತು. ಅನಿಲದ ಒಲೆಯೊಂದಿಗೆ ಬಂದ ದೊಡ್ಡ ಬದಲಾವಣೆ ಎಂದರೆ ಹೆಣ್ಣುಮಗಳು ನೆಲದಿಂದ ಎದ್ದು ನಿಂತುದು. ನಿಂತು ಅಡಿಗೆ ಮಾಡಲು ಎತ್ತರದ ಕಟ್ಟೆ ಬಂತು. ಕಟ್ಟೆಯ ಕೆಳಗೆ ಬಯಲಾದ ಜಾಗ ಕಪಾಟಾಯಿತು, ತಲೆಯ ಮೇಲಿನ ಗೋಡೆಯೂ ಕಪಾಟಾಯಿತು. ಇದೇ ಹೊತ್ತಿಗೆ ಸಿಮೆಂಟು-ಕಬ್ಬಿಣಗಳ ಕಂಬಗಳು ಭಾರವನ್ನು ಹೊರತೊಡಗಿ ಗೋಡೆ ತೆಳ್ಳಗಾಯಿತು. ಒಂಬತ್ತಂಗುಲದ ಗೋಡೆಯಲ್ಲಿ ಒಂದು ಮೊಳದ ಮಾಡ ಎಲ್ಲಿಂದ ಬರಬೇಕು? ಗೋಡೆಯ ಹೊಟ್ಟೆಯಲ್ಲಿದ್ದುದು ಹೊರಗೆ ಬಂದು ಎದೆಯ ಮೇಲೆ ತೂಗಿತು. ಇಂದಿನ ಪೇಟೆಯಲ್ಲಿ ಅದಕ್ಕೆ 'ಮಾಡ್ಯುಲರ್ ಕಿಚನ್' ಎಂದು ಹೆಸರು.

ಈಗ ನಿಮ್ಮ ರಿಪೇರಿಯ ಮಾತಿಗೆ ಬರೋಣ. ಇತಿಹಾಸವು ಮನೆ ಕಟ್ಟುವವನಿಗೆ ಹೇಳುವ ಬುದ್ಧಿಮಾತು ಮೂರು. ಮೊದಲನೆಯದು: ನಿಮ್ಮದು ಹಳೆಯ ಮಣ್ಣಿನ ಇಲ್ಲವೆ ಕಲ್ಲಿನ ಮನೆಯಾಗಿದ್ದರೆ, ಇರುವ ಮಾಡಕ್ಕೆ ಬೇಕಾದರೆ ಹೊಸ ಕದವನ್ನು ಇಡಿಸಿರಿ, ಇಲ್ಲದ ಕಡೆಗೆ ಹೊಸ ಮಾಡವನ್ನು ಕೊರೆಯಿಸಬೇಡಿರಿ. ಹಳೆಯ ಮಾಡದ ಮೇಲೆ ಭಾರ ಹೊರುವ ಕಲ್ಲು-ಹಲಗೆಗಳಿವೆ. ನೀವು ಇಂದು ಕೊರೆಯುವ ಗೂಡಿನ ಮೇಲೆ ಏನೂ ಇಲ್ಲ. ಎರೆಭೂಮಿಯ ಮನೆಯಲ್ಲಂತೂ ಮೊದಲ ಮಳೆಗೇ ಅಲ್ಲಿಂದ ಬಿರುಕು ಮೇಲಕ್ಕೆ ಏರುತ್ತದೆ. ಅಗತ್ಯವೇ ಇದ್ದರೆ ಬಲ್ಲ ಎಂಜಿನಿಯರರನ್ನು ಕೇಳಿ, ಗೋಡೆಗೆ ತೇಕು ಕೊಟ್ಟು, ಮೇಲೆ ಲಿಂಟಲ್ ಕೂಡ್ರಿಸಿ ಮುಂದುವರಿಯಿರಿ. ಎರಡನೆಯದು: ಬೆಂಕಿಯ ನೆರೆಯಲ್ಲಿ ಏನಿರಬೇಕು, ಏನಿರಬಾರದು ಎಂಬ ಹಿರಿಯರ ವಿಂಗಡಣೆಯನ್ನು ಬಿಡಬೇಡಿರಿ. ಅಂದು ತುಪ್ಪ ದೂರವಿತ್ತು, ಉಪ್ಪು ಹತ್ತಿರವಿತ್ತು. ಇಂದು ಒಲೆಯ ನೇರಕ್ಕೆ ಮೇಲೆ ಪ್ಲಾಯ್‌ವುಡ್ಡಿನ ಕಪಾಟು ಕಟ್ಟಿಸಿ, ಅದರೊಳಗೆ ಎಣ್ಣೆಯ ಡಬ್ಬಿ ಇಡುವವರಿದ್ದಾರೆ. ಮೂರನೆಯದು: ಅಡಿಗೆ ಅನಿಲವು ಗಾಳಿಗಿಂತ ಭಾರ, ಹೆಚ್ಚುಕಡಿಮೆ ಎರಡು ಪಟ್ಟಿನಷ್ಟು. ಸೋರಿದರೆ ಅದು ಮೇಲೇರದೆ ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಸಿಲಿಂಡರನ್ನು ಕಪಾಟಿನೊಳಗೆ ಅಡಗಿಸುವವರು ಅದರ ಕದದ ಕೆಳಗಡೆ, ನೆಲದ ಮಟ್ಟದಲ್ಲಿ, ಗಾಳಿಯಾಡುವ ಜಾಳಿಗೆಯನ್ನು ಬಿಡಿಸಲೇಬೇಕು. ಹೊಗೆ ಮೇಲೇರುತ್ತದೆಂದು ಹಿಂದಿನವರು ಮೇಲೆ ಬೆಳಕಿಂಡಿ ಬಿಟ್ಟರು. ಅನಿಲ ಕೆಳಗಿಳಿಯುತ್ತದೆಂದು ನಾವು ಕೆಳಗೆ ಕಿಂಡಿ ಬಿಡಬೇಕು. ತತ್ತ್ವ ಒಂದೇ, ದಿಕ್ಕು ಬೇರೆ.

ಹಳೆಯ ಗೋಡೆಯನ್ನು ಉಳಿಸಲೇಬೇಕೆಂಬ ಹಟ ನನ್ನದಲ್ಲ. ಮನೆ ಇರುವುದು ಬದುಕುವವರಿಗಾಗಿ. ಹೊಗೆಯಿಲ್ಲದ ಅಡಿಗೆಮನೆಯಲ್ಲಿ ನಿಂತು ನಗುವ ಸೊಸೆಯು ಇಲ್ಲಣ ಹಿಡಿದ ಜಂತಿಗಿಂತ ದೊಡ್ಡವಳು. ಆದರೆ ಕೆಡಹುವ ಮೊದಲು ಒಂದು ಕೆಲಸ ಮಾಡಬಹುದು. ನಿಮ್ಮ ಮನೆಯ ಹೈಸ್ಕೂಲಿನ ಹುಡುಗನ ಕೈಗೆ ಅಳತೆಯ ಪಟ್ಟಿ, ಹುಡುಗಿಯ ಕೈಗೆ ಒಂದು ನೋಟಬುಕ್ಕು ಕೊಡಿರಿ. ಒಲೆ ಎಲ್ಲಿತ್ತು, ಮಾಡ ಎಷ್ಟು ಆಳ, ಯಾವುದರಲ್ಲಿ ಏನಿರುತ್ತಿತ್ತು, ಕೀಲಿಕೈ ಯಾರ ಹತ್ತಿರವಿತ್ತು ಎಂದು ಮನೆಯ ಹಿರಿಯ ಅಜ್ಜಿಯನ್ನು ಕೇಳಿ ಬರೆದಿಡಲಿ. ಒಂದು ನಕ್ಷೆ ತೆಗೆಯಲಿ. ಶಿಗ್ಗಾವಿಯ ಹತ್ತಿರ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಶಿಲ್ಪವನದಲ್ಲಿ ನಮ್ಮ ಹಳ್ಳಿಯ ಬಾಳುವೆ ಬೊಂಬೆಗಳಾಗಿ ನಿಂತಿದೆ. ಮಕ್ಕಳನ್ನು ಅಲ್ಲಿಗೂ ಒಮ್ಮೆ ಕರೆದೊಯ್ಯಿರಿ. ಅಲ್ಲಿ ಕಾಣುವುದು ಊರಿನ ಕಥೆ. ನಿಮ್ಮ ನೋಟಬುಕ್ಕಿನಲ್ಲಿರುವುದು ನಿಮ್ಮದೇ ಮನೆಯ ಕಥೆ.

ಒಂದು ಕಡೆಯ ಮಾತು. ಹೊಸ ಕಪಾಟು ಕಟ್ಟಿಸುವಾಗ ಅದರ ಎತ್ತರವನ್ನು ಬಡಿಗೇರನಿಗೋ ಅಂಗಡಿಯವನಿಗೋ ಬಿಡದೆ, ಅಲ್ಲಿ ದಿನವೂ ನಿಲ್ಲುವವರ ಕೈ ಎಲ್ಲಿಗೆ ಎಟುಕುತ್ತದೆಂದು ಅವರನ್ನೇ ನಿಲ್ಲಿಸಿ ಗುರುತು ಹಾಕಿಸಿರಿ. ಮನೆಯ ಯಜಮಾನಿಯನ್ನು ಕೇಳಿಯೇ ಗೋಡೆಯನ್ನು ಎಬ್ಬಿಸುತ್ತಿದ್ದ ಗೌಂಡಿಗಳ ಪದ್ಧತಿ ಅದು. ಕದಕ್ಕೆ ಚಿಲಕವಿರಲಿ, ಕೀಲಿ ಬೇಕೇ ಬೇಡವೇ ಎಂಬುದನ್ನು ಮನೆಯವರೆಲ್ಲ ಕೂಡಿ ಕುಳಿತು ನಿರ್ಧರಿಸಿರಿ.